ಅಳತೆಗೆ ಸಿಕ್ಕ ಹವಳ: ದಿಬ್ಬದ ಮೇಲೆ ಆರು ದಿನ

ಮೊದಲ ದಿನ

ಸಮುದ್ರದಡಿಯ ಹವಳದ ದಿಬ್ಬವೊಂದರ ಫೋಟೊಗಳನ್ನು ತೆಗೆದು, ಅವುಗಳಿಂದ ಕಂಪ್ಯೂಟರಿನಲ್ಲಿ ಅಳೆಯಬಹುದಾದ ಮೂರು ಆಯಾಮದ ಮಾದರಿ ಕಟ್ಟುವುದು ಈ ಆರು ದಿನಗಳ ಕೆಲಸ. ಮೊದಲ ದಿನ ಪೂರ್ತಿ ದಡದಲ್ಲೇ ಕಳೆಯಿತು, ಬಹುಪಾಲು ಐದು ಅಲ್ಯೂಮಿನಿಯಂ ಪಟ್ಟಿಗಳ ಜೊತೆ. ಒಂದೊಂದು 55 ಸೆಂ.ಮೀ. ಉದ್ದ, ಎರಡೂ ತುದಿಗೆ ಒಂದೊಂದು ದುಂಡು ಮಾರ್ಕರ್. ಹವಳದ ಫೋಟೊಗಳನ್ನು ಸಾಫ್ಟ್‌ವೇರಿಗೆ ಕೊಟ್ಟರೆ ಅದು ಆಕಾರವನ್ನು ಕಟ್ಟಿಕೊಡುತ್ತದೆ, ಗಾತ್ರವನ್ನಲ್ಲ. ಬೊಗಸೆಯಲ್ಲಿ ಹಿಡಿಸುವಷ್ಟು ಹವಳವೋ ಕಾರಿನಷ್ಟು ದೊಡ್ಡದೋ ಎಂಬುದು ಫೋಟೊಗಳಲ್ಲಿ ಇರುವುದೇ ಇಲ್ಲ, ಅದು ಬರುವುದು ಈ ಪಟ್ಟಿಗಳಿಂದ. ತೆರೆಯ ಮೇಲೆ ತಿರುಗಿಸಿ ನೋಡಲು ಚೆಂದದ ಮಾದರಿ ಸಾಕೆಂದಿದ್ದರೆ ಪಟ್ಟಿ ಬೇಡ. ಮುಂದಿನ ವರ್ಷ ಬಂದು ಇದೇ ಹವಳ ಎಷ್ಟು ಬೆಳೆದಿದೆ, ಎಷ್ಟು ಮುರಿದಿದೆ ಎಂದು ಹೇಳಬೇಕಿದ್ದರೆ ಪಟ್ಟಿಯೇ ಎಲ್ಲಕ್ಕಿಂತ ಮುಖ್ಯ.

ಪಟ್ಟಿಯ ಮೇಲೆ 500 ಮಿ.ಮೀ. ಎಂದು ಬರೆದಿದೆ ಎಂದು ನಂಬಿ ಕೂರುವಂತಿಲ್ಲ. ಒಂದು ಮಾರ್ಕರಿನ ನಡುಬಿಂದುವಿನಿಂದ ಇನ್ನೊಂದರ ನಡುಬಿಂದುವಿಗೆ ಎಷ್ಟಿದೆ ಎಂದು ನಾವೇ ಅಳೆಯಬೇಕು. ಆದರೆ ಅಳೆಯುವ ಉಪಕರಣವಾದ ಕ್ಯಾಲಿಪರಿನ ದವಡೆಯನ್ನು ನಡುಬಿಂದುವಿಗೆ ಹಿಡಿಯಲು ಬರುವುದಿಲ್ಲ. ಅದಕ್ಕೊಂದು ಸುಲಭ ಉಪಾಯವಿದೆ: ಎರಡು ವೃತ್ತಗಳ ಹೊರ ಅಂಚಿನಿಂದ ಹೊರ ಅಂಚಿಗೆ ಒಮ್ಮೆ, ಒಳ ಅಂಚಿನಿಂದ ಒಳ ಅಂಚಿಗೆ ಇನ್ನೊಮ್ಮೆ ಅಳೆದು, ಎರಡನ್ನೂ ಕೂಡಿಸಿ ಅರ್ಧ ಮಾಡಿದರೆ ನಡುವಿನ ದೂರ ಸಿಗುತ್ತದೆ. ಎರಡು ವೃತ್ತಗಳ ಗಾತ್ರದಲ್ಲಿ ಕೂದಲೆಳೆಯ ವ್ಯತ್ಯಾಸವಿದ್ದರೂ ಲೆಕ್ಕ ತಪ್ಪುವುದಿಲ್ಲ. ಪ್ರತಿ ಪಟ್ಟಿಯನ್ನೂ ಮೂರು ಸಲ ಅಳೆದು, ಪಟ್ಟಿಯ ಸಂಖ್ಯೆಯ ಮುಂದೆ ಸರಾಸರಿ ಬರೆದಿಟ್ಟೆವು.

ಇಷ್ಟು ಹಟ ಯಾಕೆಂದರೆ, 500 ಮಿ.ಮೀ.ನಲ್ಲಿ 1 ಮಿ.ಮೀ. ತಪ್ಪಿದರೆ ಉದ್ದದಲ್ಲಿ ಅದು ಶೇ. 0.2. ಮೇಲ್ಮೈ ವಿಸ್ತೀರ್ಣಕ್ಕೆ ಬರುವಾಗ ಶೇ. 0.4, ಘನಗಾತ್ರಕ್ಕೆ ಬರುವಾಗ ಶೇ. 0.6. ಬಿಸಿಲಿನ ದೋಣಿಯಿಂದ ತಣ್ಣನೆಯ ನೀರಿಗೆ ಹೋದಾಗ ಪಟ್ಟಿ ಕುಗ್ಗುವುದಿಲ್ಲವೇ ಎಂಬ ಪ್ರಶ್ನೆಯೂ ಬರುತ್ತದೆ. 10 ಡಿಗ್ರಿ ಇಳಿದರೆ ಅರ್ಧ ಮೀಟರ್ ಅಲ್ಯೂಮಿನಿಯಂ ಸುಮಾರು 0.1 ಮಿ.ಮೀ. ಕುಗ್ಗುತ್ತದೆ, ಅದನ್ನು ಸಹಿಸಬಹುದು. ಪಿವಿಸಿ ಅದರ ಎರಡು ಮೂರು ಪಟ್ಟು ಕುಗ್ಗುತ್ತದೆ, ಜೊತೆಗೆ ಬಿಸಿಲಲ್ಲಿಟ್ಟರೆ ಬಾಗುತ್ತದೆ. ಪಿವಿಸಿ ಕೊಳವೆಯನ್ನೇ ಬಳಸುವುದಾದರೆ ಅಲ್ಲಲ್ಲಿ ತೂತು ಕೊರೆಯಲೇಬೇಕು. ಇಲ್ಲದಿದ್ದರೆ ಒಳಗಿನ ಗಾಳಿಗೆ ತೇಲಿ, ಅರ್ಧ ಫೋಟೊ ಮುಗಿಯುವಷ್ಟರಲ್ಲಿ ಜಾಗ ಬದಲಿಸಿರುತ್ತದೆ.

ಮಾರ್ಕರುಗಳು ಸಾಫ್ಟ್‌ವೇರ್ ತಾನೇ ಗುರುತಿಸುವ ಸಂಕೇತವಿರುವಂಥವು: ನಡುವೆ ತುಂಬಿದ ವೃತ್ತ, ಸುತ್ತ ತುಂಡು ತುಂಡು ಉಂಗುರ. ಹೊಳೆಯುವ ಲ್ಯಾಮಿನೇಶನ್ ಬೇಡ, ನೀರಿನಡಿ ಅದು ಕನ್ನಡಿಯಂತೆ ಮಿಂಚಿ ಸಂಕೇತವನ್ನು ಅಳಿಸಿಬಿಡುತ್ತದೆ. ಅಚ್ಚ ಬಿಳಿ ಹಿನ್ನೆಲೆಯೂ ತೊಂದರೆಯೇ. ಆಳ ಕಡಿಮೆ ಇರುವಲ್ಲಿ ಬಿಳಿ ಉಕ್ಕಿ ಕಪ್ಪು ವೃತ್ತದ ಅಂಚನ್ನು ತಿನ್ನುತ್ತದೆ. ತಿಳಿ ಬೂದು ಹಿನ್ನೆಲೆ, ಮ್ಯಾಟ್ ಮುದ್ರಣ, 10 ಮಿ.ಮೀ. ವ್ಯಾಸದ ನಡುವೃತ್ತ ಈ ಕೆಲಸಕ್ಕೆ ಸರಿಹೋಗುತ್ತದೆ.

ಮಧ್ಯಾಹ್ನದ ನಂತರ ಕ್ಯಾಮೆರಾ. ಫುಲ್‌ಫ್ರೇಮ್, 24 ಮೆಗಾಪಿಕ್ಸೆಲ್, 24 ಮಿ.ಮೀ. ಲೆನ್ಸ್, ನೀರು ನುಗ್ಗದಂತೆ ಕ್ಯಾಮೆರಾವನ್ನು ಮುಚ್ಚುವ ಪೆಟ್ಟಿಗೆಗೆ, ಅಂದರೆ ಹೌಸಿಂಗಿಗೆ, ಗುಮ್ಮಟದಂಥ ಕಿಟಕಿ, ಅಂದರೆ ಡೋಮ್ ಪೋರ್ಟ್. ಚಪ್ಪಟೆ ಪೋರ್ಟ್ ಹಾಕಿದರೆ ನೀರಿನ ವಕ್ರೀಭವನದಿಂದ ನೋಟ ಕಿರಿದಾಗುತ್ತದೆ, ಅಂಚುಗಳಲ್ಲಿ ಚಿತ್ರ ಎಳೆದಂತಾಗುತ್ತದೆ. ಡೋಮ್ ಹಾಕಿದರೆ ನೋಟದ ಕೋನ ಹೆಚ್ಚುಕಡಿಮೆ ಗಾಳಿಯಲ್ಲಿದ್ದಷ್ಟೇ ಉಳಿಯುತ್ತದೆ, ಆದರೆ ಡೋಮಿನ ಗೋಳದ ಕೇಂದ್ರವೂ ಲೆನ್ಸಿನ ಪ್ರವೇಶ ಬಿಂದುವೂ ಒಂದೇ ಕಡೆ ಬೀಳಬೇಕು. ಅದಕ್ಕೆ ಡೋಮನ್ನು ಮುಂದಕ್ಕೆ ಚಾಚುವ, ಸರಿಯಾದ ಉದ್ದದ ಎಕ್ಸ್‌ಟೆನ್ಶನ್ ರಿಂಗ್ ಬೇಕು. ಇನ್ನೊಂದು ಸಂಗತಿ: ಡೋಮಿನ ಮೂಲಕ ಲೆನ್ಸಿಗೆ ಕಾಣುವುದು ಹವಳವಲ್ಲ, ಡೋಮಿನ ಹತ್ತಿರವೇ ಮೂಡುವ ಅದರ ಮಿಥ್ಯಾಬಿಂಬ. ಹಾಗಾಗಿ ತೀರ ಹತ್ತಿರಕ್ಕೆ ಫೋಕಸ್ ಆಗದ ಲೆನ್ಸ್ ಎಷ್ಟೇ ಒಳ್ಳೆಯದಿದ್ದರೂ ಡೋಮಿನ ಹಿಂದೆ ಕೆಲಸಕ್ಕೆ ಬಾರದು.

ಸೆಟ್ಟಿಂಗುಗಳಲ್ಲಿ ಎಲ್ಲವೂ ಒಂದೇ ಗುರಿಗೆ ದುಡಿಯುತ್ತವೆ, ಮೊದಲ ಫೋಟೊದಿಂದ ಕೊನೆಯ ಫೋಟೊವರೆಗೆ ಲೆನ್ಸಿನ ಗುಣ ಬದಲಾಗಬಾರದು. ಕೈನಡುಕ ಸರಿದೂಗಿಸುವ ಸ್ಟೆಬಿಲೈಸೇಶನ್ ಆಫ್, ಯಾಕೆಂದರೆ ಅದು ಪ್ರತಿ ಫೋಟೊಗೂ ಚಿತ್ರದ ಕೇಂದ್ರವನ್ನು ಕದಲಿಸುತ್ತದೆ. ಕ್ಯಾಮೆರಾದೊಳಗಿನ ಲೆನ್ಸ್ ತಿದ್ದುಪಡಿ ಆಫ್. ಕ್ಯಾಮೆರಾ ಕೆಳಮುಖವಾಗಿರುವಾಗ ಫೋಟೊ ತಾನೇ ಅಡ್ಡಕ್ಕೋ ಉದ್ದಕ್ಕೋ ತಿರುಗುವ ಸೌಲಭ್ಯವೂ ಆಫ್. ಮಾದರಿ ಕಟ್ಟುವಾಗ ಒಂದೇ ಕ್ಯಾಮೆರಾ ಎರಡು ಕ್ಯಾಮೆರಾಗಳಂತೆ ಕಾಣಲು ಇದೊಂದೇ ಸಾಕು. ಅಪರ್ಚರ್ ಎಫ್/8, ರಾ ಫೈಲ್. ಫೋಕಸನ್ನು ನೀರಿನಲ್ಲಿ ಒಮ್ಮೆ ಹಿಡಿದು ಅಲ್ಲೇ ಲಾಕ್ ಮಾಡುವುದು.

ಶಟರ್ ಎಷ್ಟಿರಬೇಕು ಎಂಬುದನ್ನು ಮಾತ್ರ ಅಂದಾಜಿಗೆ ಬಿಡದೆ ಲೆಕ್ಕ ಹಾಕಬೇಕು. ಈ ಕ್ಯಾಮೆರಾದ ಒಂದು ಪಿಕ್ಸೆಲ್ 6 ಮೈಕ್ರಾನ್. ಹವಳದಿಂದ 1.5 ಮೀಟರ್ ಮೇಲಿದ್ದರೆ ಒಂದು ಪಿಕ್ಸೆಲಿಗೆ ತಳದಲ್ಲಿ ಸುಮಾರು 0.38 ಮಿ.ಮೀ. ಸಿಗುತ್ತದೆ, ಒಂದು ಫೋಟೊ 2.25 ಮೀಟರ್ ಅಗಲ, 1.5 ಮೀಟರ್ ಉದ್ದದ ಜಾಗ ಹಿಡಿಯುತ್ತದೆ. ಸೆಕೆಂಡಿಗೆ 30 ಸೆಂ.ಮೀ. ಈಜುತ್ತ 1/250 ಸೆಕೆಂಡಿನಲ್ಲಿ ತೆಗೆದರೆ ಶಟರ್ ತೆರೆದಿದ್ದಷ್ಟು ಹೊತ್ತಿನಲ್ಲಿ 1.2 ಮಿ.ಮೀ. ಸರಿದಿರುತ್ತೇವೆ, ಎಂದರೆ ಮೂರು ಪಿಕ್ಸೆಲ್ ಮಸುಕು. ಕ್ಯಾಮೆರಾದ ಪುಟ್ಟ ತೆರೆಯಲ್ಲಿ ಅದು ಕಾಣುವುದೇ ಇಲ್ಲ. 1/500ಕ್ಕೆ ಏರಿಸಿ, ವೇಗವನ್ನು 20 ಸೆಂ.ಮೀ.ಗೆ ಇಳಿಸಿದರೆ ಮಸುಕು ಒಂದು ಪಿಕ್ಸೆಲಿನ ಆಸುಪಾಸಿಗೆ ಬರುತ್ತದೆ. ಬೆಳಕಿನ ಕೊರತೆಯನ್ನು ಐಎಸ್‌ಒ ಏರಿಸಿ ತುಂಬಿಕೊಳ್ಳಬಹುದು. ಮಸುಕಾದ ಚಿತ್ರಕ್ಕಿಂತ ಕಾಳುಕಾಳಾದ ಚಿತ್ರ ಎಷ್ಟೋ ಮೇಲು.

ಎರಡನೆಯ ದಿನ

ಬೆಳಗ್ಗೆ ಗಾಳಿ ಇರಲಿಲ್ಲ. 8 ಮೀಟರ್ ಆಳದಲ್ಲಿ, ಇಳಿಜಾರು ಹೆಚ್ಚಿಲ್ಲದ ಜಾಗದಲ್ಲಿ 10 ಮೀಟರ್ ಉದ್ದಗಲದ ಚೌಕವನ್ನು ಗುರುತಿಸಿಕೊಂಡೆವು. ನಾಲ್ಕು ಮೂಲೆಗೆ ನಾಲ್ಕು ಸ್ಟೇನ್‌ಲೆಸ್ ಸ್ಟೀಲ್ ಮೊಳೆ. ಮುಂದಿನ ವರ್ಷದ ಮಾದರಿಯನ್ನು ಈ ವರ್ಷದ್ದರ ಮೇಲೆ ಕೂರಿಸಲು ಈ ಮೊಳೆಗಳೇ ಆಧಾರ. ಮೊಳೆ ಹೊಡೆಯಲು ಆ ಜಾಗವನ್ನು ನೋಡಿಕೊಳ್ಳುವವರಿಂದ ಲಿಖಿತ ಅನುಮತಿ ಮೊದಲೇ ಬೇಕು, ಹೊಡೆಯುವುದು ಸತ್ತ ಬಂಡೆಗೆ ಮಾತ್ರ. ಬುಡಕ್ಕೆ ನೀರಿನಡಿ ಗಟ್ಟಿಯಾಗುವ ಎರಡು ಭಾಗದ ಎಪಾಕ್ಸಿ ಮೆತ್ತುತ್ತಾರೆ. ದೋಣಿಯ ಮೇಲೇ ಕಲಸಿಕೊಂಡು ಇಳಿದರೆ ತಳ ಮುಟ್ಟುವುದರೊಳಗೆ ಅದು ಬಿರುಸಾಗತೊಡಗುತ್ತದೆ. ಕೆಳಗೆ ಹೋಗಿ, ಕೈಗವಸು ಹಾಕಿಕೊಂಡೇ ಕಲಸಬೇಕು.

ಮೊಳೆಗಳ ಆಳವನ್ನು ಬರೆದುಕೊಳ್ಳುವುದು ಸಣ್ಣ ಕೆಲಸದಂತೆ ಕಂಡರೂ ಮಾದರಿ ಓರೆಯಾಗಿ ನಿಲ್ಲುತ್ತದೋ ನೆಟ್ಟಗೋ ಎಂಬುದು ಅದರಿಂದಲೇ ತೀರ್ಮಾನವಾಗುತ್ತದೆ. ಡೈವ್ ಕಂಪ್ಯೂಟರ್ 10 ಸೆಂ.ಮೀ.ವರೆಗೆ ತೋರಿಸುತ್ತದೆ, 10 ಮೀಟರ್ ಅಂತರದ ಮೊಳೆಗಳಿಗೆ ಅದು ಅರ್ಧ ಡಿಗ್ರಿಗಿಂತ ತುಸು ಹೆಚ್ಚಿನ ಓರೆ. ನಾಲ್ಕೂ ಮೊಳೆಗಳ ಆಳವನ್ನು ಒಂದೇ ಕಂಪ್ಯೂಟರಿನಲ್ಲಿ, ನಾಲ್ಕೈದು ನಿಮಿಷದೊಳಗೆ ಓದಿ ಮುಗಿಸಬೇಕು. ಬೆಳಗ್ಗೆ ಎರಡು, ಮಧ್ಯಾಹ್ನ ಎರಡು ಎಂದು ಓದಿದರೆ ನಡುವೆ ಏರಿಳಿದ ಉಬ್ಬರವೂ ಲೆಕ್ಕದೊಳಗೆ ಸೇರಿಕೊಳ್ಳುತ್ತದೆ. ಒಂದು ದಾರಕ್ಕೆ ಪುಟ್ಟ ತೇಲುಬುರುಡೆ ಕಟ್ಟಿ ನೇರ ಗೆರೆ ಹಿಡಿಯುವವರೂ ಇದ್ದಾರೆ. ಸೆಳೆತವಿಲ್ಲದ ಕೊಳದಂಥ ನೀರಿಗೆ ಅದು ಸರಿ, ಇಲ್ಲಿ ದಾರ ಸದಾ ಒಂದು ಕಡೆ ವಾಲಿಯೇ ನಿಲ್ಲುತ್ತದೆ.

ಹನ್ನೆರಡು ಗಂಟೆಗೆ ಪರೀಕ್ಷೆಗೆಂದು ಐವತ್ತು ಫೋಟೊ ತೆಗೆದು ನೋಡಿದರೆ ಹವಳದ ಮೇಲೆಲ್ಲ ಬಿಸಿಲಿನ ಬಲೆ. ಅಲೆಗಳು ಮಸೂರದಂತೆ ಕೂಡಿಸಿ ಚೆಲ್ಲಿದ ಆ ಹೊಳಪಿನ ಗೆರೆಗಳು ಫೋಟೊದಿಂದ ಫೋಟೊಗೆ ಜಾಗ ಬದಲಿಸುತ್ತವೆ. ಕಣ್ಣಿಗೆ ಇಷ್ಟು ಸೊಗಸಾದದ್ದು ಮಾದರಿಗೆ ವಿಷ. ಸಾಫ್ಟ್‌ವೇರ್ ಗೆರೆಯನ್ನೇ ಹವಳದ ಅಂಚೆಂದು ಹಿಡಿಯುತ್ತದೆ, ಮೇಲ್ಮೈ ಉಬ್ಬುತಗ್ಗಾಗುತ್ತದೆ. ಆಳ ಕಡಿಮೆಯಾದಷ್ಟೂ ಕಾಟ ಹೆಚ್ಚು. ಬೆಳಗ್ಗೆ ಬೇಗ, ಸಂಜೆಯ ಕಡೆಗೆ, ಇಲ್ಲವೇ ಮೋಡ ಕವಿದಾಗ ಕೆಲಸ ಮಾಡುವುದೊಂದೇ ದಾರಿ. ನೀರಿನಡಿಯ ಫ್ಲ್ಯಾಶ್, ಅಂದರೆ ಸ್ಟ್ರೋಬ್, ಹಾಕಿದರೆ ಆಗದೇ? ಚೌಕದಂಥ ದೊಡ್ಡ ಜಾಗಕ್ಕೆ ಬೇಡ. ಕ್ಯಾಮೆರಾ ಸರಿದಂತೆ ಕೊಂಬೆಗಳ ನೆರಳೂ ಸರಿಯುತ್ತದೆ, ನೀರಿನಲ್ಲಿ ತೇಲುವ ಧೂಳೆಲ್ಲ ಹಿಮದಂತೆ ಬೆಳಗುತ್ತದೆ.

ಮೂರನೆಯ ದಿನ

ಚೌಕದ ದಿನ. ಏಳೂವರೆಗೆ ನೀರಿಗೆ. ಹೌಸಿಂಗನ್ನು ಹಿಂದಿನ ರಾತ್ರಿಯೇ ತಂಪಾದ ಒಣ ಕೋಣೆಯಲ್ಲಿ, ಸಿಲಿಕಾ ಜೆಲ್ ಇಟ್ಟು ಮುಚ್ಚಿದ್ದಾಗಿತ್ತು. ದೋಣಿಯ ಮೇಲಿನ ಬಿಸಿ ಹಸಿ ಗಾಳಿಯನ್ನು ಒಳಗೆ ಮುಚ್ಚಿಕೊಂಡು ಇಳಿದರೆ ಕೆಳಗಿನ ತಂಪಿಗೆ ಡೋಮಿನ ಒಳಗೋಡೆ ಬೆವರುತ್ತದೆ, ಅದನ್ನು ನೀರಿನಡಿ ಒರೆಸುವಂತಿಲ್ಲ. ಹೌಸಿಂಗಿನ ಬಾಯಿಗೆ ನೀರು ತಡೆಯುವ ರಬ್ಬರ್ ಉಂಗುರವಾದ ಓ-ರಿಂಗಿನ ಮೇಲೆ ಒಂದು ಕೂದಲೆಳೆ ಸಿಕ್ಕಿಕೊಂಡರೂ ನೀರು ನುಗ್ಗುತ್ತದೆ. ಬೆರಳ ತುದಿಯಿಂದ ಸುತ್ತ ಸವರಿ, ತೆಳುವಾಗಿ ಗ್ರೀಸ್ ಹಚ್ಚಿ, ನಿರ್ವಾತ ಪಂಪಿನಿಂದ ಗಾಳಿ ಎಳೆದು, ಒತ್ತಡ ಅರ್ಧ ಗಂಟೆ ಕದಲದೆ ನಿಂತಿತೇ ಎಂದು ನೋಡಿದ ಮೇಲೇ ಹೊರಡುವುದು.

ನೀರಿನಲ್ಲಿ ಮೊದಲ ಕೆಲಸ ಡೋಮಿಗೆ ಅಂಟಿದ ಗುಳ್ಳೆಗಳನ್ನು ಕೈಯಿಂದ ಸವರಿ ಬಿಡಿಸುವುದು. ಆಮೇಲೆ ತಳದಲ್ಲಿ ಬೂದು ಕಾರ್ಡ್ ಹಿಡಿದು ವೈಟ್ ಬ್ಯಾಲೆನ್ಸಿಗೆ ಒಂದು ಫೋಟೊ, ಸ್ಲೇಟಿನ ಮೇಲೆ ಚೌಕದ ಹೆಸರು, ತಾರೀಕು ಬರೆದು ಇನ್ನೊಂದು. ಐದು ಪಟ್ಟಿಗಳಲ್ಲಿ ನಾಲ್ಕು ಮೂಲೆಗಳ ಹತ್ತಿರ ನಾಲ್ಕು, ನಡುವೆ ಒಂದು. ಎಲ್ಲವೂ ಮರಳಿನ ಮೇಲೆ ಅಥವಾ ಸತ್ತ ಬಂಡೆಯ ಮೇಲೆ, ಆದಷ್ಟೂ ಬೇರೆ ಬೇರೆ ಎತ್ತರದಲ್ಲಿ. ಎಲ್ಲ ಪಟ್ಟಿಗಳನ್ನೂ ಒಂದೇ ಮೂಲೆಗೆ ಗುಡ್ಡೆ ಹಾಕಿದರೆ ಆ ಮೂಲೆಯ ಅಳತೆಯಷ್ಟೇ ಸರಿಯಾಗಿರುತ್ತದೆ.

ಸಾಲುಗಳ ಲೆಕ್ಕ ಹೀಗೆ. ಫೋಟೊದ ಅಗಲ 2.25 ಮೀಟರ್, ಪಕ್ಕದ ಸಾಲಿನ ಫೋಟೊ ಜೊತೆ ಶೇ. 70 ಭಾಗ ಒಂದರ ಮೇಲೊಂದು ಬೀಳಬೇಕು, ಅಂದರೆ ಓವರ್‌ಲ್ಯಾಪ್ ಬೇಕು, ಹಾಗಾಗಿ ಸಾಲಿನಿಂದ ಸಾಲಿಗೆ 67 ಸೆಂ.ಮೀ. 10 ಮೀಟರಿಗೆ 16 ಸಾಲು. ಎರಡೂ ತುದಿಗೆ ಒಂದೊಂದು ಮೀಟರ್ ಹೊರಗೆ ಹೋಗಿ ತಿರುಗುವುದರಿಂದ ಪ್ರತಿ ಸಾಲು 12 ಮೀಟರ್. ಸೆಕೆಂಡಿಗೆ 20 ಸೆಂ.ಮೀ. ಎಂದರೆ ಸಾಲಿಗೆ ಒಂದು ನಿಮಿಷ, ಸೆಕೆಂಡಿಗೊಂದರಂತೆ 60 ಫೋಟೊ. ಮುಂದೆ ಹಿಂದೆ ಓವರ್‌ಲ್ಯಾಪ್ ಆಗ ಶೇ. 87ರ ಹತ್ತಿರ. ತಿರುಗುವ ಹೊತ್ತೂ ಸೇರಿ 19 ನಿಮಿಷ. ಅಷ್ಟು ಮುಗಿಸಿ, ಮೊದಲ ಸಾಲುಗಳಿಗೆ ಅಡ್ಡಲಾಗಿ ಮತ್ತೆ 16 ಸಾಲು. ಒಟ್ಟು 1,900ಕ್ಕೂ ಹೆಚ್ಚು ಫೋಟೊ, 40 ನಿಮಿಷ.

67 ಸೆಂ.ಮೀ.ಯನ್ನು ಕಣ್ಣಳತೆಯಲ್ಲಿ ಹಿಡಿಯಲು ಯಾರಿಗೂ ಸಾಧ್ಯವಿಲ್ಲ. ಎದುರುಬದುರಾದ ಎರಡು ಬದಿಗೆ ಸೀಸದ ಹಗ್ಗ ಹಾಸಿ, ಅದರ ಮೇಲೆ 67 ಸೆಂ.ಮೀ.ಗೊಂದು ಬಣ್ಣದ ಟೇಪು ಸುತ್ತಿದರೆ ಒಂದು ಗುರುತಿನಿಂದ ಎದುರಿನ ಗುರುತಿಗೆ ಈಜುವುದು ಸುಲಭ. ಮಾಮೂಲಿ ಅಳತೆ ಟೇಪನ್ನು ಚೌಕದ ನಡುವೆ ಎಳೆಯಬಾರದು, ಅಲೆಯ ಎಳೆತಕ್ಕೆ ಅದು ಅತ್ತಿತ್ತ ಆಡಿ ಮಾದರಿಯಲ್ಲಿ ಎರಡು ಮೂರು ಗೆರೆಗಳಾಗಿ ಕಾಣುತ್ತದೆ.

ಈಜುವವರ ಕಣ್ಣು ಸಹಜವಾಗಿ ಕೆಳಗಿನ ಹವಳದ ಏರಿಳಿತವನ್ನೇ ಹಿಂಬಾಲಿಸುತ್ತದೆ. ದೊಡ್ಡ ಏರಿಳಿತಕ್ಕೆ ಹಾಗೆ ಹಿಂಬಾಲಿಸಿದರೆ ತಪ್ಪಿಲ್ಲ, ಪ್ರತಿ ಗುಡ್ಡೆಗೂ ಏರಿ ಇಳಿದರೆ ಓವರ್‌ಲ್ಯಾಪ್ ಕೆಡುತ್ತದೆ. 1.5 ಮೀಟರ್ ಎತ್ತರದಲ್ಲಿರುವಾಗ 75 ಸೆಂ.ಮೀ. ಎತ್ತರದ ಹವಳ ಬಂದರೆ ಅದರ ನೆತ್ತಿಗೆ ಸಿಗುವ ಫೋಟೊದ ಅಗಲ ಅರ್ಧಕ್ಕಿಳಿಯುತ್ತದೆ, ಶೇ. 70 ಇದ್ದ ಪಕ್ಕದ ಓವರ್‌ಲ್ಯಾಪ್ ಶೇ. 40ಕ್ಕೆ ಬೀಳುತ್ತದೆ. ಅಂಥ ಕಡೆ ಸಾಲುಗಳ ನಡುವೆ ಇನ್ನೊಂದು ಸಾಲು ಸೇರಿಸಬೇಕು. ಕಾಲನ್ನು ಮೇಲೆ ಕೆಳಗೆ ಬಡಿಯದೆ ಕಪ್ಪೆಯಂತೆ ಒದೆಯುವುದು ಇಲ್ಲಿ ಕಡ್ಡಾಯ, ಒಂದು ತಪ್ಪು ಒದೆತಕ್ಕೆ ಎದ್ದ ಮರಳು ಮುಂದಿನ ಎರಡು ಸಾಲುಗಳನ್ನು ನುಂಗುತ್ತದೆ.

ಕೊನೆಗೆ ಚೌಕದ ಸುತ್ತ, ಕ್ಯಾಮೆರಾವನ್ನು 30 ಡಿಗ್ರಿಯಷ್ಟು ಓರೆ ಹಿಡಿದು ಇನ್ನೂರು ಫೋಟೊ. ಗಾಳಿ ಮುಗಿಯುತ್ತ ಬಂದಾಗ ಬಿಟ್ಟುಬಿಡೋಣ ಎನಿಸುವ ಭಾಗ ಇದೇ. ಎಲ್ಲ ಫೋಟೊಗಳೂ ನೇರ ಕೆಳಗೇ ನೋಡಿದ್ದರೆ ಲೆನ್ಸಿನ ವಕ್ರತೆ ಯಾವುದು, ನೆಲದ ವಕ್ರತೆ ಯಾವುದು ಎಂದು ಸಾಫ್ಟ್‌ವೇರಿಗೆ ಬೇರ್ಪಡಿಸಲು ಬರುವುದಿಲ್ಲ, ಸಮತಟ್ಟು ಜಾಗ ಬಾಣಲೆಯಂತೆ ಬಾಗಿ ಕೂರುತ್ತದೆ. ಓರೆ ಫೋಟೊಗಳು ಆ ಗಂಟನ್ನು ಬಿಡಿಸುತ್ತವೆ.

ರಾತ್ರಿ ಎಲ್ಲ ಫೋಟೊಗಳನ್ನೂ ಕಡಿಮೆ ಗುಣಮಟ್ಟದಲ್ಲಿ ಒಮ್ಮೆ ಅಲೈನ್ ಮಾಡಿ, ಅಂದರೆ ಒಂದಕ್ಕೊಂದು ಜೋಡಿಸಿ, ನೋಡಲೇಬೇಕು. ಹಾಗೆ ನೋಡಿದ್ದಕ್ಕೇ ವಾಯವ್ಯ ಮೂಲೆಯಲ್ಲಿ ಒಂದು ತೂತು ಕಾಣಿಸಿತು. ಒಂದು ಸಾಲು ಮುಂದಿನದರಿಂದ ದೂರ ಸರಿದಿತ್ತು. ಊರಿಗೆ ಮರಳಿದ ಮೇಲೆ ಗೊತ್ತಾಗಿದ್ದರೆ ಆ ತೂತು ತೂತಾಗಿಯೇ ಉಳಿಯುತ್ತಿತ್ತು.

ನಾಲ್ಕನೆಯ ದಿನ

ಬೆಳಗ್ಗೆ ಆ ಮೂಲೆಗೆ ಆರು ಸಾಲು ಹೆಚ್ಚಾಗಿ ತೆಗೆದು, ಬಿಡಿ ಹವಳಗಳಿಗೆ ತೊಡಗಿದ್ದಾಯಿತು.

ಗುಂಡುಬಂಡೆಯಂಥ ಪೊರೈಟಿಸ್ ಸುಲಭ. ಒಂದು ಮೀಟರ್ ದೂರದಿಂದ ಸುತ್ತ 10 ಡಿಗ್ರಿಗೊಂದರಂತೆ 36 ಫೋಟೊ, ಅಂಥ ಮೂರು ಸುತ್ತು ಮೂರು ಎತ್ತರದಲ್ಲಿ, ನೆತ್ತಿಯಿಂದ ಹತ್ತು ಹನ್ನೆರಡು. ನೂರಿಪ್ಪತ್ತಕ್ಕೆ ಮುಗಿಯುತ್ತದೆ. ಕವಲು ಕವಲಾದ ಅಕ್ರೊಪೊರಾ ಹಾಗಲ್ಲ. ಹತ್ತಿರ ಹೋಗಿ ನೋಡಿದರೆ ಬೆರಳಿನಷ್ಟು ದಪ್ಪದ ಕೊಂಬೆಗಳ ಹಿಂದೆ ಕೊಂಬೆ, ತುದಿಗಳಲ್ಲಿ ಮಾತ್ರ ಹಾಲುಬಿಳುಪಾದ ಹೊಸ ಬೆಳವಣಿಗೆ, ಸಂದಿಯಲ್ಲಿ ಹಸಿರು ಮೀನುಗಳ ಗುಂಪು ಒಮ್ಮೆಗೇ ಒಳಸೇರಿ ಒಮ್ಮೆಗೇ ಹೊರಬರುತ್ತದೆ. ಒಳಗಿನ ಕೊಂಬೆಯೊಂದು ಕನಿಷ್ಠ ಎರಡು ಮೂರು ಫೋಟೊಗಳಲ್ಲಿ ಕಾಣದಿದ್ದರೆ ಮಾದರಿಯಲ್ಲಿ ಅದು ಇರುವುದಿಲ್ಲ. ಸುತ್ತುಗಳನ್ನು ಐದಾರಕ್ಕೆ ಏರಿಸಿ, 50 ಸೆಂ.ಮೀ.ವರೆಗೆ ಹತ್ತಿರ ಹೋಗಿ, ಎಫ್/11ಕ್ಕೆ ಇಳಿಸಿದರೂ ನಡುಭಾಗ ಕತ್ತಲೆಯೇ. ಬಿಡಿ ಹವಳಕ್ಕಾದರೆ ಕ್ಯಾಮೆರಾದಿಂದ ದೂರಕ್ಕೆ ಚಾಚಿದ ಎರಡು ಮೆದು ದೀಪ ಬಳಸಬಹುದು. ತಟ್ಟೆಯಂತೆ ಹರಡುವ ಹವಳದ ಅಡಿಭಾಗಕ್ಕೆ ಕ್ಯಾಮೆರಾವನ್ನು ಮರಳಿನ ಮಟ್ಟಕ್ಕೆ ಇಳಿಸಿ ಮೇಲ್ಮುಖ ಹಿಡಿಯಬೇಕು. ಇಷ್ಟಾದರೂ ಕಾಣದೆ ಉಳಿದ ತೂತುಗಳನ್ನು ಸಾಫ್ಟ್‌ವೇರ್ ತನ್ನ ಊಹೆಯಿಂದ ಮುಚ್ಚುತ್ತದೆ. ಆದ್ದರಿಂದ ಕವಲು ಹವಳದ ಗಾತ್ರ ಕೊಡುವಾಗ ಎಷ್ಟು ಭಾಗ ಮುಚ್ಚಿದ್ದು ಎಂದೂ ಬರೆಯುವುದು ಪ್ರಾಮಾಣಿಕತೆ.

ಬಿಡಿ ಮಾರ್ಕರುಗಳನ್ನು ಹವಳದ ಬುಡದಲ್ಲಿಟ್ಟಾಗ ಒಂದು ಪುಟ್ಟ ಡ್ಯಾಮ್ಸೆಲ್ ಮೀನು ಬಂದು ಒಂದನ್ನು ಬಾಯಲ್ಲಿ ಕಚ್ಚಿ ಎಳೆಯತೊಡಗಿತು. ಈ ಜಾತಿಯ ಕೆಲವು ಮೀನುಗಳು ತಮ್ಮ ಪಾಚಿಯ ತೋಟವನ್ನು ತಾವೇ ಕಾಯುತ್ತವೆ, ಅಲ್ಲಿ ಬಿದ್ದ ಹೊರಗಿನ ವಸ್ತುವನ್ನು ಸಹಿಸುವುದಿಲ್ಲ. ತೋಟ ಅದರದ್ದು, ಮಾರ್ಕರನ್ನು ನಾವೇ ಬೇರೆಡೆ ಇಡುವುದು ನ್ಯಾಯ. ಮುಖ್ಯವಾದ ಮಾತೆಂದರೆ, ಫೋಟೊ ತೆಗೆಯುವ ನಡುವೆ ಮಾರ್ಕರ್ ಕದಲಿದರೆ ಅದುವರೆಗಿನದನ್ನು ಬಿಟ್ಟು ಮೊದಲಿನಿಂದ ಶುರುಮಾಡಬೇಕು.

ಬಣ್ಣ ಸರಿಪಡಿಸಲು ಹಿಡಿಯುವ ಬೂದು ಕಾರ್ಡಿನ ಬಗ್ಗೆ ಇಲ್ಲೇ ಹೇಳಬೇಕು. ಆಕಾರಕ್ಕೆ ಬಣ್ಣ ಬೇಕಿಲ್ಲ, ಹಾಗಾಗಿ ಎಷ್ಟೋ ಜನ ಕಾರ್ಡನ್ನು ಬಿಟ್ಟುಬಿಡುತ್ತಾರೆ. ಆದರೆ ಹವಳ ಬಿಳಿಚಿ ಸತ್ತರೂ ಅದರ ಸುಣ್ಣದ ಗೂಡು ನಿಂತೇ ಇರುತ್ತದೆ. 2024ರ ಏಪ್ರಿಲ್‌ನಲ್ಲಿ ಘೋಷಣೆಯಾದ ನಾಲ್ಕನೆಯ ಜಾಗತಿಕ ಬಿಳಿಚುವಿಕೆಯಂಥ ಘಟನೆಯ ಮುಂಚಿನ ಮಾದರಿ, ಆಮೇಲಿನ ಮಾದರಿ ಎರಡನ್ನೂ ಆಕಾರದಲ್ಲಿ ಹೋಲಿಸಿದರೆ ಏನೂ ಆಗಿಲ್ಲವೆಂದೇ ಕಾಣಬಹುದು. ಜೀವಂತವೇ, ಬಿಳಿಚಿದೆಯೇ, ಪಾಚಿ ಕಟ್ಟಿದೆಯೇ ಎಂದು ಹೇಳುವುದು ಬಣ್ಣವೊಂದೇ. ನೀರು ಕೆಂಪನ್ನು ಮೊದಲು ಹೀರುತ್ತದೆ, 8 ಮೀಟರಿನಲ್ಲೇ ಅದರ ಬಹುಪಾಲು ಹೋಗಿರುತ್ತದೆ. ಅದೇ ಆಳದಲ್ಲಿ ಹಿಡಿದ ಬೂದು ಕಾರ್ಡ್ ಇಲ್ಲದೆ ಅದನ್ನು ನಂಬುವಂತೆ ಮರಳಿ ತರಲಾಗದು.

ಐದನೆಯ ದಿನ

ರಾತ್ರಿಯೇ ಅಲೆ ಎದ್ದಿತ್ತು. ಬೆಳಗ್ಗೆ ಇಳಿದು ನೋಡಿದರೆ ನೀರಿನಲ್ಲಿ ಕಾಣುವ ದೂರ 4 ಮೀಟರಿಗೆ ಇಳಿದಿತ್ತು. ಕಾಣುವ ದೂರದ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ದೂರದಿಂದ ಫೋಟೊ ತೆಗೆಯಬಾರದು ಎಂಬುದು ನಾವು ಪಾಲಿಸುವ ನಿಯಮ. 1.5 ಮೀಟರ್ ಅದರಲ್ಲಿ ಹಿಡಿಸುವುದಿಲ್ಲ. ತೆಗೆಯಲಿಲ್ಲ.

ಆ ದಿನ ಕಂಪ್ಯೂಟರಿಗೆ. ರಾ ಫೈಲುಗಳೆಲ್ಲಕ್ಕೂ ಒಂದೇ ವೈಟ್ ಬ್ಯಾಲೆನ್ಸ್ ಕೊಟ್ಟು ಒಟ್ಟಿಗೆ ಪರಿವರ್ತಿಸುವುದು. ಲೆನ್ಸ್ ಪ್ರೊಫೈಲ್ ತಿದ್ದುಪಡಿ, ಕ್ರಾಪ್, ನೇರ ಮಾಡುವುದು, ಮೂರನ್ನೂ ಮುಟ್ಟಬಾರದು. ಮಸುಕಾದವನ್ನು ತೆಗೆದು, ಮಾದರಿ ಕಟ್ಟುವ ಸಾಫ್ಟ್‌ವೇರ್ ಆದ ಮೆಟಾಶೇಪಿನಲ್ಲಿ ಅಲೈನ್ ಮಾಡಿ, ಮಾರ್ಕರ್ ಹುಡುಕಲು ಹೇಳಿದರೆ ತಾನೇ ಹುಡುಕುತ್ತದೆ. ಹುಡುಕಿದ್ದನ್ನು ಒಂದೊಂದಾಗಿ ತೆರೆದು ನೋಡಬೇಕು, ದುಂಡಗಿನ ಹವಳದ ಬಾಯನ್ನೇ ಮಾರ್ಕರ್ ಎಂದು ಹಿಡಿದಿರುವುದುಂಟು.

ಐದು ಪಟ್ಟಿಗಳಲ್ಲಿ ಮೂರರ ಅಳತೆಯನ್ನಷ್ಟೇ ಸಾಫ್ಟ್‌ವೇರಿಗೆ ಕೊಡುವುದು. ಉಳಿದೆರಡನ್ನು ಪರೀಕ್ಷೆಗೆ ಇಟ್ಟುಕೊಳ್ಳಬೇಕು. ಐದನ್ನೂ ಕೊಟ್ಟು, ತಪ್ಪು ಕಡಿಮೆ ಬಂತೆಂದು ಹಿಗ್ಗುವುದು ಉತ್ತರ ನೋಡಿಕೊಂಡು ಪರೀಕ್ಷೆ ಬರೆದಂತೆ. ಕೊಡದೆ ಇಟ್ಟ ಪಟ್ಟಿ ಕ್ಯಾಲಿಪರಿನಲ್ಲಿ 500.1 ಇದ್ದು ಮಾದರಿಯಲ್ಲಿ 500.6 ಬಂದರೆ ಅರ್ಧ ಮಿ.ಮೀ. ತಪ್ಪು, ಅಂದರೆ ಶೇ. 0.1. ಒಪ್ಪಬಹುದು. ಒಂದೇ ಪಟ್ಟಿ 3 ಮಿ.ಮೀ. ತಪ್ಪಿ ಉಳಿದವು ಸರಿಯಿದ್ದರೆ ಆ ಪಟ್ಟಿ ಕದಲಿದೆ ಅಥವಾ ಬಾಗಿದೆ. ಎಲ್ಲವೂ ಒಂದೇ ದಿಕ್ಕಿಗೆ ಸ್ವಲ್ಪ ಸ್ವಲ್ಪ ತಪ್ಪುತ್ತಿದ್ದರೆ ಲೆನ್ಸಿನ ಲೆಕ್ಕದಲ್ಲೇ ಗೋಳಿದೆ. ಮಾದರಿಯ ಬಿಂದುವನ್ನು ಮತ್ತೆ ಫೋಟೊದ ಮೇಲೆ ಹಾಕಿದಾಗ ಅದು ತನ್ನ ಜಾಗದಿಂದ ಎಷ್ಟು ಸರಿದು ಬೀಳುತ್ತದೆ ಎಂಬುದೇ ರಿಪ್ರೊಜೆಕ್ಷನ್ ತಪ್ಪು. ಅದು ಒಂದು ಪಿಕ್ಸೆಲಿಗಿಂತ ಕೆಳಗೆ ಬರುವವರೆಗೆ ಕೆಟ್ಟ ಬಿಂದುಗಳನ್ನು ತೆಗೆದು ಮತ್ತೆ ಹೊಂದಿಸಬೇಕು. ಆದರೆ ಆ ಸಂಖ್ಯೆ ಚೆನ್ನಾಗಿದೆ ಎಂದ ಮಾತ್ರಕ್ಕೆ ಅಳತೆ ಸರಿಯೆಂದಲ್ಲ. ಬಾಣಲೆಯಂತೆ ಬಾಗಿದ ಮಾದರಿಯಲ್ಲೂ ಅದು ಚೆನ್ನಾಗಿಯೇ ಬರುತ್ತದೆ.

ಆರನೆಯ ದಿನ

ಅಲೆ ಇಳಿದು ನೀರು ತಿಳಿಯಾಯಿತು. ಮೊದಲೇ ತೆಗೆದಾಗಿದ್ದ ಚೌಕವನ್ನೇ, ಪಟ್ಟಿಗಳನ್ನು ಎತ್ತಿ ಬೇರೆ ಕಡೆ ಇಟ್ಟು, ಪೂರ್ತಿ ಮತ್ತೊಮ್ಮೆ ತೆಗೆದೆವು. ಇಡೀ ಪ್ರವಾಸದ ಬೆಲೆ ಇರುವುದು ಈ ಎರಡನೆಯ ಸಲದಲ್ಲಿ. ಮೂರು ದಿನದಲ್ಲಿ ಹವಳ ಅಳೆಯುವಷ್ಟು ಬೆಳೆಯುವುದಿಲ್ಲ. ಎರಡು ಮಾದರಿಗಳ ನಡುವೆ ಕಾಣುವ ವ್ಯತ್ಯಾಸದಲ್ಲಿ ಅಲೆಗೆ ಮುರಿದ ಕೊಂಬೆ, ಸರಿದ ಮರಳು ಬಿಟ್ಟರೆ ಉಳಿದದ್ದೆಲ್ಲ ವಿಧಾನದ ತಪ್ಪು. ಮುಂದಿನ ವರ್ಷ ಅದಕ್ಕಿಂತ ಚಿಕ್ಕ ವ್ಯತ್ಯಾಸ ಬಂದರೆ ಅದನ್ನು ಬೆಳವಣಿಗೆ ಎಂದು ಹೇಳುವಂತಿಲ್ಲ. ಗುಂಡು ಪೊರೈಟಿಸ್ ವರ್ಷಕ್ಕೆ ಸುಮಾರು 1 ಸೆಂ.ಮೀ. ಬೆಳೆಯುತ್ತದೆ. ವಿಧಾನದ ತಪ್ಪು 3 ಮಿ.ಮೀ. ಇದ್ದರೆ ವರ್ಷದ ಬೆಳವಣಿಗೆ ಕಾಣುತ್ತದೆ, ಮೂರು ತಿಂಗಳದ್ದು ಕಾಣುವುದಿಲ್ಲ. ಕವಲು ಹವಳದ ಕೆಲವು ಜಾತಿ ವರ್ಷಕ್ಕೆ 10 ಸೆಂ.ಮೀ. ದಾಟುತ್ತವೆ, ಅಲ್ಲಿ ಮೂರು ತಿಂಗಳೂ ಸಾಕು.

ಹೋಲಿಕೆ ಕ್ಲೌಡ್‌ಕಂಪೇರ್ ಎಂಬ ಸಾಫ್ಟ್‌ವೇರಿನಲ್ಲಿ. ಎರಡನ್ನೂ ಮೊಳೆಗಳ ಆಧಾರದಲ್ಲಿ ಕೂರಿಸಿ, ಆಮೇಲೆ ನವಿರಾಗಿ ಹೊಂದಿಸುವಾಗ ಬಂಡೆಯ ಭಾಗಗಳನ್ನಷ್ಟೇ ಆರಿಸಬೇಕು. ಇಡೀ ಚೌಕವನ್ನು ಕೊಟ್ಟು ತಾನೇ ಹೊಂದಿಸಿಕೊಳ್ಳಲಿ ಎಂದು ಬಿಟ್ಟರೆ, ಅದು ಬೆಳೆದ ಹವಳವನ್ನೂ ಹಳೆಯದರ ಮೇಲೆ ಒತ್ತಿ ಕೂರಿಸಿ, ನಾವು ಹುಡುಕುತ್ತಿರುವ ವ್ಯತ್ಯಾಸವನ್ನೇ ಎಲ್ಲೆಡೆಗೆ ಹಂಚಿ ಅಳಿಸಿಬಿಡುತ್ತದೆ.

ಮಧ್ಯಾಹ್ನ ಪಟ್ಟಿ, ಹಗ್ಗ, ಮಾರ್ಕರುಗಳನ್ನು ಎಣಿಸಿ ಮೇಲೆ ತಂದು, ಹೌಸಿಂಗನ್ನು ಸಿಹಿನೀರಿನಲ್ಲಿ ನೆನೆಸಿ, ಪ್ರತಿ ಗುಂಡಿಯನ್ನೂ ನೀರೊಳಗೇ ಹತ್ತಾರು ಸಲ ಒತ್ತಿದ್ದಾಯಿತು. ಗುಂಡಿಯ ಸಂದಿಯಲ್ಲಿ ಒಣಗಿದ ಉಪ್ಪೇ ಮುಂದಿನ ಸೋರಿಕೆಗೆ ದಾರಿ. ಐದೂ ಪಟ್ಟಿಗಳನ್ನು ಕ್ಯಾಲಿಪರಿನಲ್ಲಿ ಮತ್ತೆ ಅಳೆದು, ಮೊದಲ ದಿನದ ಸಂಖ್ಯೆಗಳ ಪಕ್ಕ ಬರೆದು, ಆ ಹಾಳೆಯ ಫೋಟೊವನ್ನು ಹವಳದ ಫೋಟೊಗಳಿರುವ ಫೋಲ್ಡರಿನಲ್ಲೇ ಹಾಕಿ, ಎಲ್ಲವನ್ನೂ ಎರಡು ಡಿಸ್ಕಿಗೆ ಇಳಿಸಿದ್ದಾಯಿತು.

ನೀರಿನಿಂದ ಮೇಲೆ ಬರುವ ಮುಂಚೆ ತೆಗೆದ ಕೊನೆಯ ಎಂಟು ಫೋಟೊಗಳು ಮೊಳೆಗಳದ್ದು. ಪ್ರತಿ ಮೊಳೆಗೂ ಹತ್ತಿರದಿಂದ ಒಂದು, ಸುತ್ತಲಿನ ಹವಳಗಳೆಲ್ಲ ಕಾಣುವಂತೆ ದೂರದಿಂದ ಒಂದು, ಪಕ್ಕದಲ್ಲಿ ಸಂಖ್ಯೆ ಬರೆದ ಸ್ಲೇಟು. ಕೆಲವೇ ತಿಂಗಳಲ್ಲಿ ಮೊಳೆಯ ಮೇಲೆ ಪಾಚಿ ಕಟ್ಟುತ್ತದೆ. ಮುಂದಿನ ಸಲ ಈ ಫೋಟೊಗಳನ್ನು ನೋಡಿಕೊಂಡು, ಬ್ರಷ್ಷಿನಿಂದ ಉಜ್ಜುತ್ತ ಹುಡುಕಬೇಕು.